ಹಳೆಯ ಸಾಲಿನಲ್ಲಿ ಒಂದು ಪದ

ನಮ್ಮ ಕಡೆ ಅಮ್ಮನಿಗೆ ಅಬ್ಬಿ ಅನ್ನುತ್ತೇವೆ. ನನ್ನ ಅಬ್ಬಿ ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಪಾರ್ಶ್ವವಾಯು ಬಡಿದು ಅವಳ ಮಾತು ಬಿದ್ದುಹೋದ ದಿನದಿಂದ ನಾನು ಆಸೆಪಟ್ಟದ್ದು ಒಂದೇ. ಅವಳು ತಾನಾಗಿ ಒಂದು ಹೊಸ ಮಾತು ಆಡಬೇಕು. ರೂಢಿಯಲ್ಲಿ ಬಾಯಿಗೆ ಬಂದದ್ದು ಬೇಡ, ನಾನು ಹೇಳಿಕೊಟ್ಟದ್ದೂ ಬೇಡ, ಅವಳೇ ಕಟ್ಟಿದ್ದು ಬೇಕು. ಚಿಕ್ಕದಾದರೂ ಸರಿ, ಬೈಗುಳವಾದರೂ ಸರಿ. ಕೊನೆಗೂ ಆಡಿದಳು. ಆಡದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಕೆಲವು ದಿನ ಅನ್ನಿಸುತ್ತದೆ, ಕೆಲವು ದಿನ ಅನ್ನಿಸುವುದಿಲ್ಲ.

ನನ್ನ ಕೆಲಸದ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕುಂದಾಪುರದ ಒಂದು ಸೊಸೈಟಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಬೈಂದೂರಿನಲ್ಲೂ ಬ್ರಹ್ಮಾವರದಲ್ಲೂ ನಮ್ಮ ಶಾಖೆಗಳಿವೆ. ಸಂಜೆ ಬಾಗಿಲು ಹಾಕುವ ಮುಂಚೆ ಎರಡೂ ಶಾಖೆಗಳ ಆ ದಿನದ ವ್ಯವಹಾರವನ್ನು ನಮ್ಮ ಯಂತ್ರಕ್ಕೆ ಎಳೆದುಕೊಳ್ಳಬೇಕು. ಅದಕ್ಕೆ ಚಿತ್ರ, ಬಣ್ಣ, ಬಟನ್ನು ಯಾವುದೂ ಇಲ್ಲ. ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿನುಗುವ ಒಂದು ಗೆರೆ. ಅಲ್ಲಿ ಆಜ್ಞೆಯನ್ನು ಟೈಪ್ ಮಾಡಿ ಎಂಟರ್ ಒತ್ತಬೇಕು. ಸಾಲು ಉದ್ದ; ಚುಕ್ಕಿ, ಗೀಟು, ಓರೆಗೆರೆಗಳೇ ತುಂಬಿಕೊಂಡಿರುತ್ತವೆ. ಒಂದು ಚುಕ್ಕಿ ತಪ್ಪಿದರೂ ಯಂತ್ರ ಮುಖ ತಿರುಗಿಸುತ್ತದೆ.

ಹಿಂದೆ ನಿಂತು ನೋಡಿದವರು ನನ್ನನ್ನು ದೊಡ್ಡ ಪಂಡಿತೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ನನಗೇನು ನಷ್ಟ. ನಿಜ ಹೇಳಬೇಕೆಂದರೆ ಆ ಸಾಲನ್ನು ನಾನು ಬರೆಯುವುದೇ ಇಲ್ಲ. ಕೀಬೋರ್ಡಿನಲ್ಲಿ ಮೇಲೆ ಮುಖ ಮಾಡಿದ ಒಂದು ಬಾಣವಿದೆ. ಒತ್ತಿದರೆ ಹಿಂದೆ ಬರೆದ ಸಾಲು ಹಾಗೆಯೇ ಎದ್ದು ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಅದರ ಹಿಂದಿನದು. ಬೈಂದೂರು ಎಂದಿರುವಲ್ಲಿಗೆ ಹೋಗಿ ಆ ಒಂದು ಪದ ಅಳಿಸಿ, ಬ್ರಹ್ಮಾವರ ಎಂದು ಹಾಕಿ ಎಂಟರ್ ಒತ್ತುತ್ತೇನೆ. ಕೆಲಸ ಮುಗಿಯಿತು. ತುಂಬಾ ಹಳೆಯ ಸಾಲು ಬೇಕಾದರೆ ಹುಡುಕಲೂ ದಾರಿಯಿದೆ. ಮೊದಲ ನಾಲ್ಕು ಅಕ್ಷರ ನೆನಪಿದ್ದರೆ ಸಾಕು, ಉಳಿದದ್ದನ್ನು ಅದೇ ತಂದು ಕೊಡುತ್ತದೆ. ಕಂಟ್ರೋಲ್ ಕೀಲಿ ಹಿಡಿದು ಡಬ್ಲ್ಯು ಒತ್ತಿದರೆ ಕೊನೆಯ ಪದ ಪೂರ್ತಿಯಾಗಿ ಹೋಗುತ್ತದೆ. ಇಷ್ಟೇ ನನ್ನ ವಿದ್ಯೆ.

ಇದನ್ನು ನನಗೆ ಕಲಿಸಿದ್ದು ಕುಂಭಾಶಿಯ ಒಬ್ಬ ಹಿರಿಯರು. ಈಗ ನಿವೃತ್ತರಾಗಿದ್ದಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬಾಣ ಒತ್ತಿ, ಕಣ್ಣು ಮುಚ್ಚಿ ಎಂಟರ್ ಒತ್ತುವುದನ್ನು ನೋಡಿ ಕೈ ಹಿಡಿದು ನಿಲ್ಲಿಸಿದ್ದರು.

"ಹಳೆ ಸಾಲ್ ತಂದ್ರೆ ಪೂರ್ತಿ ಓದ್ಕ್ ಮಾರಾಯ್ತಿ. ಅದ್ಕೆ ಇವತ್ತ್ ಎಂತ ದಿನ ಅಂತ್ ಗೊತ್ತಿಲ್ಲೆ."

ಆಗ ನಕ್ಕಿದ್ದೆ. ಆದರೂ ಅವತ್ತಿನಿಂದ ಪೂರ್ತಿ ಓದಿಯೇ ಎಂಟರ್ ಒತ್ತುತ್ತೇನೆ.

ನಮ್ಮ ಮನೆ ಗಂಗೊಳ್ಳಿಯಲ್ಲಿ, ಬಂದರಿನಿಂದ ಸ್ವಲ್ಪ ಒಳಗೆ. ಅಬ್ಬಿ ಮೀನು ಮಾರುತ್ತಿದ್ದಳು. ನಸುಕಿಗೇ ಬಂದರಿಗೆ ಹೋಗಿ ಹರಾಜಿನಲ್ಲಿ ಕೂಗಿ, ಜಗಳ ಮಾಡಿ ಬುಟ್ಟಿ ತುಂಬಿಸಿಕೊಂಡು, ಮಂಜುಗಡ್ಡೆ ಪುಡಿ ಹಾಕಿಸಿಕೊಂಡು ಬೈಂದೂರು ಕಡೆಯ ಬಸ್ಸು ಹತ್ತುವಳು. ಅಲ್ಲಿಯ ಓಣಿಗಳಲ್ಲಿ ಅವಳ ದನಿ ಮೊದಲು ಬರುತ್ತಿತ್ತು, ಅವಳು ಆಮೇಲೆ. ಅಪ್ಪ ದೋಣಿಗೆ ಹೋಗುತ್ತಿದ್ದರು. ಅವರು ಜ್ವರ ಬಂದು ತೀರಿಕೊಂಡದ್ದು ನಾನು ಕಾಲೇಜಿನಲ್ಲಿದ್ದಾಗ. ನಮ್ಮಲ್ಲಿ ಹೆಣ್ಣುಮಕ್ಕಳು ಮದುವೆಯಾಗಿಯೂ ತಾಯಿಮನೆಯಲ್ಲೇ ಉಳಿಯುವುದು ಹೊಸತಲ್ಲ. ನಾನೂ ಉಳಿದೆ. ಗಂಡ ಬೋಟಿನ ಕೆಲಸದವರು, ಕಡಲಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಹಾಗಾಗಿ ಮನೆಯಲ್ಲಿ ಹೆಚ್ಚಾಗಿ ನಾವಿಬ್ಬರೇ. ಮಾತಿಗೆ ಬರ ಇರಲಿಲ್ಲ. ಅಬ್ಬಿ ಒಬ್ಬಳೇ ನಾಲ್ಕು ಜನರಷ್ಟು ಮಾತಾಡುತ್ತಿದ್ದಳು.

ಒಂದು ಬೆಳಿಗ್ಗೆ ಹರಾಜಿನ ನಡುವೆ ಅವಳ ಕೈಯಿಂದ ಬುಟ್ಟಿ ಜಾರಿತು. ಜೊತೆಯಲ್ಲಿದ್ದವರು ಮೊದಲು ಮೀನು ಹೆಕ್ಕಿದರಂತೆ, ಆಮೇಲೆ ಅವಳ ಮುಖ ನೋಡಿದರಂತೆ. ಬ್ರಹ್ಮಾವರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ತಿರುಗಿ ಹೇಳಲು ಹೊರಟರೆ "ಅದ್... ಅದ್..." ಎಂದು ನಿಂತುಬಿಡುತ್ತಿತ್ತು. ಆಗ ಎಡಗೈಯಿಂದ ಮಂಚಕ್ಕೆ ಬಡಿಯುತ್ತಿದ್ದಳು. ಆ ಸದ್ದು ಕೇಳಿದಾಗೆಲ್ಲ ನಾನು ಅಡುಗೆಮನೆಗೆ ಹೋಗಿ ಅಳುತ್ತಿದ್ದೆ.

ಮಾತು ಕಲಿಸಲು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಕಲಿಸುವವಳು ಚಿಕ್ಕ ಪ್ರಾಯದ ಹುಡುಗಿ, ಬೇರೆ ಊರಿನವಳು, ತಾಳ್ಮೆಯ ಕೊಡ. ಚಿತ್ರಗಳ ಕಾರ್ಡು ಒಂದೊಂದಾಗಿ ಹಿಡಿಯುತ್ತಿದ್ದಳು. ಸೇಬು, ರೈಲು, ಛತ್ರಿ. ಒಂದು ದಿನ ಮೀನಿನ ಕಾರ್ಡು ಬಂತು. ಅದು ಬಂಗುಡೆಯೂ ಅಲ್ಲ, ಕಾಣೆಯೂ ಅಲ್ಲ, ಯಾವ ಕಡಲಲ್ಲೂ ಇಲ್ಲದ ಕಿತ್ತಳೆ ಬಣ್ಣದ ಮೀನು. ಅಬ್ಬಿ ಅದನ್ನು ತಿರುಗಿಸಿ ನೋಡಿ, ಹಳಸಿದ ಮೀನು ಕಂಡಾಗ ಮಾಡುತ್ತಿದ್ದ ಮುಖ ಮಾಡಿ, ಮೇಜಿನಾಚೆ ತಳ್ಳಿದಳು. ನನಗೆ ನಗು ತಡೆಯಲಾಗಲಿಲ್ಲ. ಆ ಹುಡುಗಿಯೂ ನಕ್ಕಳು. ಆಮೇಲೆ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದಳು.

"ಹೊಸದಾಗಿ ಪದ ಜೋಡಿಸುವ ಜಾಗಕ್ಕೇ ಪೆಟ್ಟು ಬಿದ್ದಿದೆ. ಆದರೆ ವರ್ಷಗಟ್ಟಲೆ ಹೇಳಿ ರೂಢಿಯಾದ ಮಾತುಗಳು ಕೆಲವರಿಗೆ ಇಡಿಯಾಗಿ ಉಳಿದಿರುತ್ತವೆ. ಅಂಥದ್ದು ಏನಾದರೂ ಬಂದರೆ ಬಿಡಬೇಡಿ."

ಬಂದದ್ದು ಒಂದು ಭಾನುವಾರ. ಬಂದರಿನಿಂದ ಬಂಗುಡೆ ತಂದಿದ್ದೆ. ಅಬ್ಬಿಗೆ ಕಾಣಲಿ ಎಂದು ತಟ್ಟೆಗೆ ಸುರಿದು ಅವಳ ಮುಂದೆ ಹಿಡಿದೆ. ಎಡಗೈಯಿಂದ ಒಂದು ಮೀನಿನ ಕಿವಿರು ಎತ್ತಿ ನೋಡಿದಳು. ಕೆಂಪಗಿತ್ತು. ತಲೆ ಎತ್ತಿ, ಓಣಿಯ ತುದಿಗೆ ಕೇಳುವ ಹಾಗೆ ಕೂಗಿದಳು.

"ಹ್ವಾಯ್, ಮೀನ್ ಬೇಕಾ? ಬಂಗ್ಡಿ ಇತ್ತ್, ಬೈಗೆ ಇತ್ತ್, ಬನಿ, ಕಾಣಿ!"

ಬಂಗುಡೆ ಇದೆ, ಬೂತಾಯಿ ಇದೆ, ಬನ್ನಿ, ನೋಡಿ ಎಂದು ಓಣಿಗಳಲ್ಲಿ ಕೂಗುತ್ತಿದ್ದ ಅದೇ ಸಾಲು, ಎಲ್ಲೂ ತಡವರಿಸಲಿಲ್ಲ. ನಾನು ತಟ್ಟೆ ಕೆಳಗಿಟ್ಟು ಅವಳನ್ನು ತಬ್ಬಿಕೊಂಡೆ. ಕೈಯ ಮೀನಿನ ನೀರೆಲ್ಲ ಅವಳ ಸೀರೆಗೆ. ಅವಳಿಗೂ ಆಶ್ಚರ್ಯ, ಬಾಯಿ ಮುಟ್ಟಿ ನೋಡಿಕೊಂಡಳು. "ಬಾಯಾರಿಕೆ ಆಯ್ತಾ ಅಬ್ಬಿ? ನೀರ್ ಕೊಡ್ಕಾ?" ಎಂದು ಕೇಳಿದೆ. "ಅದ್... ಅದ್..." ಮತ್ತೆ ಅಲ್ಲಿಗೇ ಬಂದು ನಿಂತಿತು.

ಮರುದಿನ ಸಂಜೆ ಸೊಸೈಟಿಯಲ್ಲಿ ಕಪ್ಪು ಪರದೆಯ ಮುಂದೆ ಕೂತು ಬಾಣ ಒತ್ತಿದೆ. ಬೈಂದೂರಿನ ಸಾಲು ಬಂತು. ಆ ಪದ ಅಳಿಸುತ್ತಿರುವಾಗ ಕೈ ನಿಂತಿತು. ಇಷ್ಟು ವರ್ಷ ನಾನಾದರೂ ಹೊಸ ಸಾಲು ಎಲ್ಲಿ ಬರೆದಿದ್ದೇನೆ? ಹಳೆಯದನ್ನೇ ಎತ್ತಿ ತಂದು ಒಂದು ಪದ ಬದಲಿಸುತ್ತಿದ್ದೇನೆ, ಅದರಲ್ಲೇ ಹೊಟ್ಟೆ ತುಂಬುತ್ತಿದೆ. ಅಬ್ಬಿಯ ಸಾಲೂ ಇಡಿಯಾಗಿ ಇದೆಯಲ್ಲ. ಅಲ್ಲಿಂದಲೇ ಯಾಕೆ ಶುರು ಮಾಡಬಾರದು ಅಂದುಕೊಂಡೆ. ಆ ದಿನ ಬಸ್ಸು ಗಂಗೊಳ್ಳಿ ಮುಟ್ಟುವವರೆಗೂ ನನಗೆ ತಡೆಯಲಾಗಲಿಲ್ಲ.

ಲೋಟದಲ್ಲಿ ನೀರು ಹಿಡಿದು ಅಬ್ಬಿಯ ಎದುರು ಕೂತೆ. "ಹ್ವಾಯ್" ಎಂದು ಅವಳ ದನಿಯಲ್ಲೇ ಎತ್ತಿಕೊಟ್ಟೆ. "ಮೀನ್ ಬೇಕಾ" ಎಂದಳು. "ಹ್ವಾಯ್, ನೀರ್" ಎಂದೆ. ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. ಆ ಒಂದು ಪದ ಬದಲಿಸಲು ತುಂಬ ದಿನ ಹಿಡಿಯಿತು. ಮೀನ್ ಮತ್ತೆ ಮತ್ತೆ ಬಂದು ತನ್ನ ಜಾಗದಲ್ಲಿ ಕೂರುತ್ತಿತ್ತು. ಆದರೆ ಒಂದು ಮಧ್ಯಾಹ್ನ ಬಂತು: "ಹ್ವಾಯ್, ನೀರ್ ಬೇಕಾ?"

ಹೀಗೆ ನಮ್ಮ ಮನೆಯಲ್ಲಿ ಬಾಯಾರಿದವಳೇ ನೀರು ಮಾರುವ ವ್ಯಾಪಾರ ಶುರುವಾಯಿತು. ಅಬ್ಬಿಗೆ ಗಂಜಿ ಬೇಕಾದರೆ "ಗಂಜಿ ಬೇಕಾ?", ಹೊದಿಕೆ ಬೇಕಾದರೆ "ಹೊದ್ಕಿ ಬೇಕಾ?" ಪಕ್ಕದ ಮನೆಯವರಿಗೆ ಅಬ್ಬಿ ಚೇತರಿಸಿಕೊಂಡು ಎಲ್ಲರನ್ನೂ ಉಪಚರಿಸುತ್ತಿದ್ದಾಳೆ ಅನ್ನಿಸಿರಬೇಕು.

ಹಗಲು ಹೊತ್ತು ಅವಳ ಜೊತೆ ಇರುತ್ತಿದ್ದವಳು ದೊಡ್ಡಮ್ಮ. ನೆಂಟಸ್ತಿಕೆಯೇನೂ ಇಲ್ಲ, ಅಬ್ಬಿಯ ಜೊತೆ ಜೀವನವಿಡೀ ಬುಟ್ಟಿ ಹೊತ್ತವಳು. ಅವಳಿಗೆ ಈ "ಬೇಕಾ" ಎಂಬುದರ ಲೆಕ್ಕ ತಲೆಗೆ ಹತ್ತಲೇ ಇಲ್ಲ.

"ಹ್ವಾಯ್, ಚಾ ಬೇಕಾ?" ಎಂದು ಅಬ್ಬಿ ಕೇಳಿದರೆ, "ಬ್ಯಾಡ ಹೆಣೆ, ಈಗ್ಳಷ್ಟೇ ಕುಡ್ಕಂಡ್ ಬಂದೆ" ಎಂದು ದೊಡ್ಡಮ್ಮ ಕಾಲು ಚಾಚಿ ಕೂರುವಳು. ಅಬ್ಬಿ ಮಂಚಕ್ಕೆ ಬಡಿದು ಇನ್ನೊಮ್ಮೆ ಕೂಗುವಳು. "ಎಷ್ಟ್ ಉಪಚಾರ ಕಾಣ್ ಇವಳ್ದ್!" ಎಂದು ದೊಡ್ಡಮ್ಮ ಅವಳ ತಲೆ ಸವರುವಳು. ಸಂಜೆ ನಾನು ಬಂದು, "ದೊಡ್ಡಮ್ಮ, ಅದ್ ನಿಮ್ಗ್ ಕೇಂಬುದಲ್ಲ, ಅವಳಿಗ್ ಬೇಕಂಬ್ರ್" ಎಂದಾಗ ಆ ಮುದುಕಿ ಎದೆ ಎದೆ ಬಡಿದುಕೊಂಡು ಅತ್ತಳು. ಅವತ್ತಿಂದ ಫ್ಲಾಸ್ಕಿನ ತುಂಬ ಚಾ ತರುತ್ತಿದ್ದಳು, ಕೇಳಿದರೂ ಕೇಳದಿದ್ದರೂ ಕುಡಿಸುತ್ತಿದ್ದಳು.

ನಗು ಬಂದಷ್ಟೇ ದಿನ ಸಂಕಟವೂ ಇತ್ತು. ಕೆಲವು ಸಾಲುಗಳು ಯಾರೂ ಕರೆಯದೆ ಎದ್ದು ಬರುತ್ತಿದ್ದವು. ಹೊತ್ತು ಮುಳುಗುವಾಗ ಕಡಲ ಕಡೆಯ ಕಿಟಕಿ ನೋಡುತ್ತಾ ಅಬ್ಬಿ ಸ್ಪಷ್ಟವಾಗಿ ಕೇಳುತ್ತಿದ್ದಳು.

"ದೋಣಿ ಬಂತಾ?"

ಅಪ್ಪನ ದೋಣಿ. ಅಪ್ಪ ಇದ್ದಷ್ಟು ಕಾಲ ದಿನಾ ಸಂಜೆ ಅವಳು ಅಂಗಳದಲ್ಲಿ ನಿಂತು ದಾರಿಹೋಕರನ್ನೆಲ್ಲ ಕೇಳುತ್ತಿದ್ದ ಮಾತದು. ಅಪ್ಪ ಇಲ್ಲವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೇಳಿದ ಮೇಲೆ ತಾನೇ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಗೊತ್ತಿಲ್ಲದ್ದು ಆ ಸಾಲಿಗೆ. ಕುಂಭಾಶಿಯ ಹಿರಿಯರು ಹೇಳಿದ್ದು ಸರಿ. ಎದ್ದು ಬಂದ ಸಾಲಿಗೆ ಇವತ್ತು ಎಂತ ದಿನ ಎಂಬುದು ತಿಳಿಯುವುದಿಲ್ಲ. ಮೊದಮೊದಲು ನಾನು ಕಿಟಕಿ ಮುಚ್ಚುತ್ತಿದ್ದೆ. ಆಮೇಲೆ "ಬಂತ್ ಅಬ್ಬಿ" ಎನ್ನತೊಡಗಿದೆ. ಅಷ್ಟು ಹೇಳಿದರೆ ಅವಳು ರೆಪ್ಪೆ ಮುಚ್ಚುತ್ತಿದ್ದಳು. ಸುಳ್ಳು ಹೇಳಿ ಮಲಗಿಸುತ್ತಿದ್ದೇನೆಂದು ನನಗೆ ಗೊತ್ತಿತ್ತು.

ಇನ್ನೊಂದು ಸಾಲು ನನ್ನನ್ನು ದಿನಾ ಬೆಳಿಗ್ಗೆ ಕಾಡುತ್ತಿತ್ತು. ಅದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

ಮನೆಯಿಂದ ಹೊರಡುವವರು ಹೋಗುತ್ತೇನೆ ಅನ್ನಬಾರದು, ಬರುತ್ತೇನೆ ಅನ್ನಬೇಕು. ಇದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ. ಕಡಲಿಗೆ ಇಳಿಯುವವರ ಮನೆಗಳಲ್ಲಂತೂ ಇದಕ್ಕೆ ರಿಯಾಯಿತಿಯೇ ಇಲ್ಲ. ಸಣ್ಣವಳಿದ್ದಾಗ ಒಮ್ಮೆ ಶಾಲೆಗೆ ಹೊತ್ತಾಯಿತೆಂದು "ನಾನ್ ಹೋತೆ" ಎಂದು ಕೂಗಿ ಓಡಿದೆ. ಅಬ್ಬಿ ಮೀನಿನ ಬುಟ್ಟಿ ಕೆಳಗಿಟ್ಟು, ಓಣಿಯ ತಿರುವಿನವರೆಗೆ ಬಂದು, ಕೈ ಹಿಡಿದು ವಾಪಸು ಎಳೆದುಕೊಂಡು ಬಂದಳು. ಹೊಸ್ತಿಲ ಒಳಗೆ ಕೂರಿಸಿದಳು. ಒಂದು ಗುಟುಕು ನೀರು ಕುಡಿಸಿದಳು.

"ಹೋತೆ ಅಂತ್ ಹೇಳೂಕಾಗ ಹೆಣೆ. ಬತ್ತೆ ಅನ್ನ್."

"ಬತ್ತೆ" ಎಂದೆ ಅಳುತ್ತಾ. ಆಮೇಲೆ ಬಿಟ್ಟಳು. ಶಾಲೆಯಲ್ಲಿ ತಡವಾದದ್ದಕ್ಕೆ ಬೈಸಿಕೊಂಡೆ, ಅವಳ ಬಸ್ಸೂ ತಪ್ಪಿತು. ಅವಳಿಗೆ ಚಿಂತೆಯೇ ಇರಲಿಲ್ಲ. ಅವಳು ಸ್ವತಃ ದಿನಾ ನಸುಕಿನಲ್ಲಿ ಬುಟ್ಟಿ ಎತ್ತಿಕೊಂಡು, ನಿದ್ದೆಯಲ್ಲಿದ್ದ ನನಗೆ ಕೇಳಲಿ ಬಿಡಲಿ, "ಹೋಯ್ ಬತ್ತೆ" ಎಂದು ಹೇಳಿಯೇ ಹೊಸ್ತಿಲು ದಾಟುತ್ತಿದ್ದಳು.

ಈಗ ಹೊರಡುವವಳು ನಾನು, ಉಳಿಯುವವಳು ಅವಳು. ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿ "ಅಬ್ಬಿ, ಹೋಯ್ ಬತ್ತೆ" ಎನ್ನುತ್ತಿದ್ದೆ. ಮಂಚದಿಂದ ಉತ್ತರ ಬರುತ್ತಿತ್ತು: "ಹೋಯ್ ಬತ್ತೆ."

ಉತ್ತರ "ಹೋಯ್ ಬಾ" ಎಂದಾಗಬೇಕಿತ್ತು. ಆದರೆ ಅವಳಲ್ಲಿ ಉಳಿದದ್ದು ಹೊರಡುವವಳ ಮಾತು. ಏಳಲಾಗದೆ ಮಲಗಿದವಳು ದಿನಾ ನನಗೆ ಹೋಗಿ ಬರುತ್ತೇನೆ ಎಂದು ಹೇಳುತ್ತಿದ್ದಳು. ನೀರ್, ಗಂಜಿ, ಚಾ ಎಲ್ಲ ಬದಲಿಸಿದ ನನಗೆ ಇದೊಂದು ಬದಲಿಸಲಾಗಲಿಲ್ಲ. "ಹೋಯ್ ಬಾ ಅನ್ನ್ ಅಬ್ಬಿ, ಹೋಯ್ ಬಾ." ಅವಳು ನನ್ನ ತುಟಿ ನೋಡುತ್ತಾ ಪ್ರಯತ್ನಪಟ್ಟು, ಮತ್ತೆ "ಹೋಯ್ ಬತ್ತೆ" ಎನ್ನುತ್ತಿದ್ದಳು. ಬಸ್ಸು ತಪ್ಪುತ್ತದೆಂದು ನನಗೂ ಸಿಟ್ಟು ಬರುತ್ತಿತ್ತು. ಕೊನೆಗೆ ಬಿಟ್ಟುಬಿಟ್ಟೆ. ಇಬ್ಬರೂ ಒಂದೇ ಮಾತು ಹೇಳಿಕೊಂಡು ಅಗಲುತ್ತಿದ್ದೆವು.

ಬ್ರಹ್ಮಾವರದ ಹುಡುಗಿಗೆ ನನ್ನ ಪದ್ಧತಿ ಹೇಳಿದಾಗ ಖುಷಿಪಟ್ಟಳು. ನನಗೆ ಮಾತ್ರ ಆ ಖುಷಿ ಪೂರ್ತಿ ಆಗಲೇ ಇಲ್ಲ. ವಾಕ್ಯ ಅಬ್ಬಿಯ ಹಳೆಯದು, ಬದಲಿಸಿದ ಪದ ನನ್ನದು. ಅದರಲ್ಲಿ ಇವತ್ತಿನ ಅಬ್ಬಿ ಎಲ್ಲಿದ್ದಾಳೆ? ಅವಳಿಗೆ ಭಯವಾಗುತ್ತದಾ, ನನ್ನ ಮೇಲೆ ಕೋಪವಿದೆಯಾ, ಈ ಮಂಚ, ಈ ಕಿಟಕಿ ಸಾಕಾಗಿದೆಯಾ? ಅದನ್ನೆಲ್ಲ ಮೀನ್ ಬೇಕಾ ಎಂಬಲ್ಲಿ ಹೇಗೆ ತುಂಬುವುದು? ಒಂದೇ ಒಂದು ಪದ ತಾನಾಗಿ ಬದಲಿಸಲಿ ಎಂದು ಆನೆಗುಡ್ಡೆಯ ಗಣಪತಿಗೆ ಕೈಮುಗಿದು ಬಂದೆ. ಎಂಥ ಪದ ಎಂದು ಹೇಳಿ ಬೇಡಿಕೊಳ್ಳಬೇಕಿತ್ತು. ಅಷ್ಟು ಬುದ್ಧಿ ಎಲ್ಲಿತ್ತು ನನಗೆ.

ಮಳೆಗಾಲ ಶುರುವಾಗುವ ಮೊದಲು ಪಾರ್ಶ್ವವಾಯು ಎರಡನೇ ಸಲ ಬಡಿಯಿತು. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರ ಅರ್ಥ ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಿಡಿಸಿ ಹೇಳುವುದಿಲ್ಲ. ಬೇಕಾ ಎಂಬ ಸಾಲು ನಿಂತುಹೋಯಿತು. ದೋಣಿಯನ್ನೂ ಕೇಳುತ್ತಿರಲಿಲ್ಲ. ನಾನು "ಹ್ವಾಯ್" ಎಂದು ಎತ್ತಿಕೊಟ್ಟರೂ ಏನೂ ಎದ್ದು ಬರುತ್ತಿರಲಿಲ್ಲ. ಬೆಳಗಿನ ಒಂದು ಸಾಲು ಮಾತ್ರ, ದನಿ ಇಳಿದಿದ್ದರೂ ಉಳಿದಿತ್ತು.

ನಾನು ಹಾಕಿದ್ದ ರಜೆ ಮುಗಿದಿತ್ತು. ಆ ಬೆಳಿಗ್ಗೆ ದೊಡ್ಡಮ್ಮ ಫ್ಲಾಸ್ಕು ಹಿಡಿದು ಆಗಲೇ ಬಂದು ಕೂತಿದ್ದಳು. ನಾನು ಬ್ಯಾಗು ಹಾಕಿಕೊಂಡು ಮಂಚದ ಹತ್ತಿರ ಬಗ್ಗಿದೆ.

"ಅಬ್ಬಿ, ಹೋಯ್ ಬತ್ತೆ."

"ಹೋಯ್..." ಎಂದಳು. ನಿಂತಳು.

ಮರೆತಳೆಂದುಕೊಂಡು "ಬತ್ತೆ" ಎಂದು ಎತ್ತಿಕೊಟ್ಟೆ. ತಲೆ ಅಲ್ಲಾಡಿಸಿದಳು. ಬೇಡ ಎಂಬ ಹಾಗೆ. ಅಷ್ಟು ದಿನದಲ್ಲಿ ನಾನು ಎತ್ತಿಕೊಟ್ಟ ಪದವನ್ನು ಅವಳು ಬೇಡ ಎಂದದ್ದೇ ಇರಲಿಲ್ಲ. ತುಟಿ ಸೇರಿಸಿ, ಬಿಡಿಸಿ, ತನ್ನೊಳಗೆ ಎಲ್ಲೋ ಕೆಲಸ ಮಾಡುತ್ತಿದ್ದಳು. ನಾನು ಕಾದೆ. ಬಸ್ಸು ಹೋಗಲಿ ಅನ್ನಿಸಿತು.

"ಹೋತೆ" ಎಂದಳು.

ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಹೆಗಲಿನ ಬ್ಯಾಗು ಜಾರಿ ನೆಲಕ್ಕೆ ಬಿತ್ತು. ಜೀವಮಾನದಲ್ಲಿ ಅಬ್ಬಿ ಹೊರಡುವಾಗ ಆ ಮಾತು ಹೇಳಿದವಳಲ್ಲ. ಅದು ಅವಳ ಹಳೆಯ ಸಾಲುಗಳಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಹೋಗಿ ಬರುವ ಮಾತು. ಅದನ್ನು ಎತ್ತಿ ತಂದು, ಬರುವುದನ್ನು ಅಳಿಸಿ, ಅವಳೇ ಕಟ್ಟಿದ್ದಳು. ನಾನು ಹಗಲೂ ಇರುಳೂ ಕಾದಿದ್ದ ಆ ಒಂದು ಮಾತು ಇದೇ.

ಏನು ಮಾಡಬೇಕೆಂದು ತಿಳಿಯಲಿಲ್ಲ. ಅವಳು ನನಗೆ ಮಾಡಿದ್ದನ್ನೇ ಮಾಡಿದೆ. ಪಕ್ಕದಲ್ಲಿ ಕೂತು ಒಂದು ಚಮಚ ನೀರು ಕುಡಿಸಿದೆ.

"ಹಾಂಗ್ ಹೇಳೂಕಾಗ ಅಬ್ಬಿ. ಬತ್ತೆ ಅನ್ನ್. ಒಂದ್ ಸಲ ಬತ್ತೆ ಅನ್ನ್."

ನೀರು ನುಂಗಿದಳು. ಎಡಗೈ ಎತ್ತಿ ನನ್ನ ಕೆನ್ನೆಯ ಮೇಲಿಟ್ಟಳು. ಆ ಕೈಯಲ್ಲಿ ಇನ್ನೂ ಮೀನಿನ ವಾಸನೆ ಇದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತಿತ್ತು, ಆ ಕೆಲಸ ಬಿಟ್ಟು ಅಷ್ಟು ಕಾಲವಾಗಿದ್ದರೂ. ಶಾಲೆಗೆ ಓಡುವ ಹುಡುಗಿಯನ್ನು ನೋಡುವ ಹಾಗೆ ನೋಡಿದಳು. ಮತ್ತೆ ಅದನ್ನೇ ಹೇಳಿದಳು. ಈ ಸಲ ಎಲ್ಲೂ ತಡೆಯಲಿಲ್ಲ.

"ಹೋತೆ."

ಅವಳಿಗೆ ಉತ್ತರ ಬೇಕಿತ್ತು. ಹೊರಡುವವರು ಹೇಳಿದ ಮೇಲೆ ಉಳಿಯುವವರು ಏನಾದರೂ ಹೇಳಲೇಬೇಕಲ್ಲ. ನನ್ನ ಬಾಯಿಗೂ ರೂಢಿಯ ಸಾಲೇ ಬಂತು, ನಾನು ಅವಳಿಗೆ ಕಲಿಸಲು ಹೆಣಗಿದ ಸಾಲು: ಹೋಯ್ ಬಾ. ನಾಲಿಗೆಯ ತುದಿಯಲ್ಲಿ ಅದನ್ನು ಹಿಡಿದುಕೊಂಡು ಪೂರ್ತಿ ಓದಿದೆ. ಕೊನೆಯ ಪದ ಅಳಿಸಿದೆ.

"ಹೋಗ್, ಅಬ್ಬಿ" ಎಂದೆ.